ಅರ್ಜಿಯ ಕೊನೆಯ ಸಾಲು

ಆ ಬೆಳಿಗ್ಗೆಯೂ ನಳ ಬಂದಿತ್ತು, ಹಾಲು ಕಾಯುತ್ತಿತ್ತು, ನಾನು ಮೆಂತ್ಯಪಲ್ಯದ ಎಲೆ ಬಿಡಿಸಿ ಸೋಸುತ್ತ ಕೂತಿದ್ದೆ. ನಮ್ಮ ಮನೆಗೆ ರೊಟ್ಟಿ ಬಡಿಯಲು ಬರುವ ಹೆಂಗಸಿನ ಕೈಸಪ್ಪಳ ಮಾತ್ರ ತಾಳ ತಪ್ಪಿತ್ತು. ಎರಡು ರೊಟ್ಟಿಯ ಅಂಚು ಹರಿದವು. ಇಷ್ಟು ವರ್ಷದಲ್ಲಿ ಆಕೆಯ ಕೈಯಲ್ಲಿ ರೊಟ್ಟಿ ಹರಿದದ್ದನ್ನು ನಾನು ಕಂಡಿರಲಿಲ್ಲ.

ಆಕೆಯ ಗಂಡ ಹೊಲದ ಬದುವಿನ ಜಗಳದಲ್ಲಿ ಜೈಲು ಸೇರಿ ಮೂರು ತಿಂಗಳಾಗಿತ್ತು. ವಿಚಾರಣೆ ಇನ್ನೂ ಶುರುವಾಗಿರಲಿಲ್ಲ. ಸಕ್ಕರೆ ಕಾಯಿಲೆಯ ಮನುಷ್ಯ. ಅಂಗಾಲಿನ ಹುಣ್ಣು ಕೊಳೆಯತೊಡಗಿತ್ತು. ಜೈಲಿನವರು ದವಾಖಾನೆಗೆ ಒಯ್ದರು, ಡಾಕ್ಟರು ಔಷಧದ ಚೀಟಿ ಬರೆದರು, ಭೇಟಿಯ ದಿನ ಆ ಚೀಟಿ ಈಕೆಯ ಕೈಗೆ ಬಂತು. ಹೊರಗಿನಿಂದ ನೀವೇ ತರಬೇಕಂತೆ. ಬೀಗ ಸರ್ಕಾರದ್ದು, ಕಾಲು ಮಾತ್ರ ಈಕೆಯದು.

ಒಳಗಿಟ್ಟವರೇ ಔಷಧವನ್ನೂ ಕೊಡಿಸಬೇಕು ಎಂದು ಹಿಂದಿನ ವಾರ ನಾನೇ ಅರ್ಜಿ ಬರೆದುಕೊಟ್ಟಿದ್ದೆ. ಉತ್ತರವಿರಲಿಲ್ಲ. ರೊಟ್ಟಿ ಮುಗಿಸಿ ಇಬ್ಬರೂ ಸಿಂದಗಿಯಿಂದ ಜೈಲಿರುವ ಊರಿಗೆ ಬಸ್ಸು ಹತ್ತಿದೆವು.

ಜೈಲು ಸಾಹೇಬರ ಕುರ್ಚಿಗೆ ಬಿಳಿ ಟವೆಲ್ಲು, ಟವೆಲ್ಲಿಗೂ ಇಸ್ತ್ರಿ. ಮೇಜಿನ ಮೇಲೆ ಅವರ ಸ್ವಂತ ಗುಳಿಗೆಗಳ ಡಬ್ಬಿ. ಹೊತ್ತಿಗೊಂದು ಖಾನೆ, ಒಂದೂ ತಪ್ಪಿರಲಿಲ್ಲ. ನನ್ನ ಅರ್ಜಿ ತೆಗೆದು, "ಅಕ್ಷರ ಭಾಳ ಚಂದ ಅದಾವ್ರಿ" ಎಂದರು. ಆಮೇಲೆ ಕೊನೆಯ ಸಾಲಿನಡಿ ಎಳೆದಿದ್ದ ಕೆಂಪು ಗೆರೆ ತೋರಿಸಿದರು.

'ತಮಗೆ ತೊಂದರೆಯಾಗುವುದಾದರೆ ಔಷಧವನ್ನು ನಾವೇ ತಂದುಕೊಡಲು ಸಿದ್ಧರಿದ್ದೇವೆ.'

ಪತ್ರ ಯಾವುದೇ ಇರಲಿ, ಒಂದು ಸವಿಮಾತಿನಿಂದ ಮುಗಿಸಬೇಕೆಂದು ಕಾನ್ವೆಂಟಿನ ಸಿಸ್ಟರ್ ಕಲಿಸಿದ್ದರು. ಕೈ ಅದನ್ನು ತಾನಾಗಿಯೇ ಬರೆದಿತ್ತು. ಇಡೀ ಪುಟದಲ್ಲಿ ಈ ಮನುಷ್ಯನಿಗೆ ಕಂಡದ್ದು ಅದೊಂದೇ.

"ನೀವ ಒಪ್ಪಿ ಬರದೀರಿ. ಇನ್ನ ನಮ್ಮದೇನೈತ್ರಿ ಇದರಾಗ?"

ನಾನು ಹೊಸ ಹಾಳೆ ಕೇಳಿದೆ. 'ಮಾನ್ಯರೇ' ಎಂದು ಕೂಡ ಬರೆಯಲಿಲ್ಲ. ಈತ ನಿಮ್ಮ ವಶದಲ್ಲಿದ್ದಾನೆ, ಔಷಧ ಕೊಡಿಸುವುದು ಸರ್ಕಾರದ ಕೆಲಸ, ಆಗದಿದ್ದರೆ ಆಗುವುದಿಲ್ಲವೆಂದು ಬರೆದುಕೊಡಿ. ಅಷ್ಟೇ. ಬರೆದುಕೊಡುವ ಮಾತು ಬಂದೊಡನೆ ಅವರ ನಗು ಮಾಯವಾಯಿತು. ಅರ್ಜಿ ಮುಟ್ಟಿದ್ದಕ್ಕೆ ಕಚೇರಿಯ ಶಿಕ್ಕಾ ಒತ್ತಿದರು, ಮೇಲಿನವರನ್ನು ಕೇಳಿ ನೋಡೋಣ ಎಂದರು. ಅಂಥ ನೋಡೋಣಗಳನ್ನು ನಾನು ತುಂಬಾ ಕೇಳಿದ್ದೇನೆ.

ಹುಣ್ಣು ಮೇಲಿನವರಿಗಾಗಿ ಕಾಯುವುದಿಲ್ಲವಲ್ಲ. ಆಕೆ ಎದುರಿನ ಮೆಡಿಕಲ್‌ಗೆ ಹೋಗಿ ಎರಡು ದಿನದ ಔಷಧ ತಂದು ಜೈಲಿನ ಬಾಗಿಲಲ್ಲಿ ಕೊಟ್ಟಳು. ಪೊಲೀಸಿನವನು ಕೆಳಗಿನಿಂದ ಮೇಲಿನವರೆಗೆ ಆಕೆಯನ್ನು ನೋಡಿ, ದಾನ ಮಾಡುವವನ ಹಾಗೆ ಕೈಚಾಚಿ ತೆಗೆದುಕೊಂಡ. ಬಸ್ಸಿನಲ್ಲಿ ಆಕೆ ಕೇಳಿದ್ದು ಒಂದೇ: "ಕಾಲು ಉಳೀತೈತೇನ್ರಿ ಅಕ್ಕಾರ?"

ಸಂಜೆ ಪಕ್ಕದ ಮನೆಯವರು ಕಟ್ಟೆಯ ಮೇಲೆ ಚಹಾ ಕುಡಿಯುತ್ತ ಕೂತಿದ್ದರು. ಸರ್ಕಾರಿ ಕಚೇರಿಯಲ್ಲಿ ಕಾರಕೂನಿಕೆ ಮಾಡಿ ರಿಟೈರಾದವರು. ಎಲ್ಲಿಗೆ ಹೋಗಿದ್ದಿರಿ ಎಂದರು, ಹೇಳಿದೆ. ಬಸಿಯಲ್ಲಿ ಉಳಿದ ಚಹಾ ಹೀರಿ, ಬಸಿ ಕೆಳಗಿಟ್ಟರು.

"ಅದಕ್ಯಾಕ ಇಷ್ಟ ಓಡಾಡತೀರಿ ವೈನಿ? ಕಾಲು ತಗಿಯೂದು ಬಂತಂದ್ರ ಆಪರೇಷನ್ ಸರಕಾರನ ಮಾಡಸ್ತೈತಿ. ಅದು ಪೂರಾ ಪುಕ್ಕಟ."