ಬಲದಿಂದ ಬರೆಯುವ ಕೈ

ಅಬೂ ನಿಬ್ರಾಸ್ ನಮ್ಮ ಪ್ರಯೋಗಾಲಯದಲ್ಲಿ ಕೋಶಗಳನ್ನು ಸಾಕುವವರು. ಮೊದಲು ಬಾಗ್ದಾದಿನ ಅಂಗಡಿಗಳಿಗೆ ಕೈಯಲ್ಲಿ ಬೋರ್ಡು ಬರೆಯುತ್ತಿದ್ದರು. ಯಂತ್ರದ ಬೋರ್ಡು ಬಂದು ಹೊಟ್ಟೆಪಾಡು ಮುಳುಗಿದಾಗ ಇಲ್ಲಿಗೆ ನೆಲ ಒರೆಸಲು ಬಂದರು, ನೋಡಿ ನೋಡಿಯೇ ಕೆಲಸ ಕಲಿತರು. ಕ್ಯಾನ್ಸರ್ ಕೋಶಗಳಿಗೆ ಅವರಿಟ್ಟ ಹೆಸರು ಬೀಗರು. "ಎಷ್ಟು ಹಾಕಿದ್ರೂ ತಿಂತಾರೆ, ಹೋಗಿ ಅಂದ್ರೆ ಹೋಗಲ್ಲ!"

ನನ್ನ ಪಿಎಚ್‌ಡಿ ಒಂದು ಉಕ್ಕಿನ ಸೂಜಿಯ ಮೇಲೆ ನಿಂತಿತ್ತು. ಅದರ ತುದಿಯಿಂದ ಆರ್ಗಾನ್ ಅನಿಲ ಕರೆಂಟಿಗೆ ಹೊತ್ತಿ ನೇರಳೆ ಪ್ಲಾಸ್ಮಾ ಜ್ವಾಲೆಯಾಗಿ ಇಳಿದು ಚಿನ್ನದ ಲವಣದ ನೀರನ್ನು ಮುಟ್ಟಿದರೆ, ನೀರು ದಾಳಿಂಬೆ ರಸದ ಬಣ್ಣಕ್ಕೆ ತಿರುಗುತ್ತದೆ. ಅದರೊಳಗಿನ ಚಿನ್ನದ ನ್ಯಾನೋ ಕಣಗಳು ಸ್ತನ ಕ್ಯಾನ್ಸರಿನ ಕೋಶಗಳನ್ನು ಕೊಂದು ಒಳ್ಳೆಯ ಕೋಶಗಳನ್ನು ಉಳಿಸಬೇಕು. ಮೂರು ವರ್ಷ ಅವು ಎರಡನ್ನೂ ಕೊಂದವು, ಇಲ್ಲವೇ ಎರಡನ್ನೂ ಬಿಟ್ಟವು.

ಕೊನೆಯ ಪ್ರಯೋಗದ ವಾರ ನನಗೆ ಕೆಮ್ಮು. ಕೆಮ್ಮುವವರು ಕೋಶದ ಕೋಣೆಗೆ ಕಾಲಿಡುವಂತಿಲ್ಲ. ಬಾಗಿಲಲ್ಲೇ ನಿಂತು ಅಬೂ ನಿಬ್ರಾಸರಿಗೆ ಹೇಳಿದೆ: "ಗುಳಿ ತಟ್ಟೆಯ ಹನ್ನೆರಡು ನಿಲುವು ಸಾಲಲ್ಲಿ ಮೊದಲ ಆರು ಕ್ಯಾನ್ಸರ್, ಆಮೇಲಿನ ಆರು ಒಳ್ಳೇವು. ಕಣ ಎಲ್ಲಕ್ಕೂ ಒಂದೇ ಸಮ."

ಬದುಕಿದ ಕೋಶ ಬಣ್ಣ ಹಾಕಿದಾಗ ನೇರಳೆಯಾಗುತ್ತದೆ, ಸತ್ತದ್ದು ಪೇಲವವಾಗಿಯೇ ಉಳಿಯುತ್ತದೆ. ಅವರು ತಂದು ತೋರಿಸಿದ ತಟ್ಟೆಯ ಎಡಗಡೆ ಪೇಲವ, ಬಲಗಡೆ ಕಡುನೇರಳೆ! ನಾನು ಕುಣಿದುಬಿಟ್ಟೆ. ಪ್ರೊಫೆಸರ್ ಹಿಕ್ಮತ್ ಎಲ್ಲರಿಗೂ ಏಲಕ್ಕಿ ಚಹಾ ತರಿಸಿದರು. ಮುಂದಿನ ಗುರುವಾರ ನನ್ನ ಮೌಖಿಕ ಪರೀಕ್ಷೆ.

ಭಾನುವಾರ ಪ್ರೊಫೆಸರ್ ಅಬೂ ನಿಬ್ರಾಸರ ಕೈಗೆ ಕುಂಚ ಕೊಟ್ಟರು. "ತಟ್ಟೆಯ ಚಿತ್ರ ದೊಡ್ಡದಾಗಿ ಬರೀರಿ. ನಿಮ್ಮ ಕೈಬರಹ ನೋಡಿಯೇ ಪರೀಕ್ಷಕರು ಬೆರಗಾಗಬೇಕು."

ಅವರು ಕಾಗದದ ಬಲ ಅಂಚಿನಲ್ಲಿ ಕುಂಚ ಇಟ್ಟು, "ಮೊದಲ ಸಾಲು, ಕ್ಯಾನ್ಸರ್" ಎಂದು ಬರೆದರು. ಕೈ ಅಲ್ಲೇ ನಿಂತಿತು.

"ರುಸುಲ್, ಮಗಳೇ," ಎಂದರು. "ನಾನು ತಟ್ಟೆ ತುಂಬಿದ್ದೂ ಬಲದಿಂದಲೇ."

ತಟ್ಟೆಯ ಮೇಲಿನ ಅಂಕಿಗಳು ಎಡದಿಂದ ಹೋಗುತ್ತವೆ. ಬಲದಿಂದ ಎಡಕ್ಕೆ ಅರಬ್ಬಿಯಲ್ಲಿ ಅಂಗಡಿ ಬೋರ್ಡು ಬರೆದ ಕೈಗೆ ಮೊದಲು ಎಂದರೆ ಬಲವೇ. ಅಂದರೆ ಸತ್ತದ್ದು ಒಳ್ಳೆಯ ಕೋಶ, ಬದುಕಿದ್ದು ಬೀಗರು.

"ವಯಸ್ಸಾಯ್ತು, ನಿಮಗೆ ನೆನಪು ತಪ್ಪಿರ್ಬೇಕು," ಎಂದರು ಪ್ರೊಫೆಸರ್, ತಣ್ಣಗೆ. ಕೋಶಗಳೆಲ್ಲ ಬಣ್ಣದ ಜೊತೆ ಕರಗಿಹೋಗಿದ್ದವು. ಸಾಕ್ಷಿ ಎಂದರೆ ಈ ಮುದುಕರ ಮಾತು ಮಾತ್ರ.

"ನೆನಪು ತಪ್ಪಬಹುದು ಸಾರ್, ಕೈ ತಪ್ಪಲ್ಲ."

ನಾನು ಅವರನ್ನು ಹೊರಗೆ ಎಳೆದೊಯ್ದೆ. ನಾಚಿಕೆ ಬಿಟ್ಟು ಹೇಳುತ್ತೇನೆ, ಕೂಗಾಡಿದೆ. "ನೀವು ಕೈಯಾಡಿಸಿ ನನ್ನ ಮೂರು ವರ್ಷ ಹಾಳು ಮಾಡಿದ್ರಿ! ಮರೆತೆ ಅಂತ ಒಂದು ಮಾತು ಅಂದ್ರೆ ನಿಮ್ಮ ಗಂಟೇನು ಹೋಗುತ್ತೆ? ಇಲ್ಲಾಂದ್ರೆ ನಿಮ್ಮನ್ನ ಮತ್ತೆ ನೆಲ ಒರೆಸೋಕೆ ಹಾಕ್ತಾರೆ, ನೋಡ್ತಿರಿ!"

"ಹಾಕ್ಲಿ. ನೆಲ ಒರೆಸೋದು ಗೊತ್ತಿದೆ," ಎಂದರು. "ಯಾವುದೋ ಮನೆ ಹೆಣ್ಣುಮಗಳ ಮೈಗೆ ಇದು ಹೋದ್ರೆ? ಇನ್ನೊಂದು ತಟ್ಟೆ ತುಂಬು. ಗುರುವಾರದೊಳಗೆ ಆಗುತ್ತೆ."

ನನ್ನ ಕೆಮ್ಮು ನಿಂತಿತ್ತು. ಅಂದೇ ನಾನೇ ತುಂಬಿದೆ, ಎಡದಿಂದ, ಅಂಕಿ ಓದಿ ಓದಿ. ಸೋಮವಾರ ಕಣ ಹಾಕಿದೆ. ಮಂಗಳವಾರ ಎರಡು ಸಲ ಕರೆಂಟು ಹೋಯಿತು. ಎರಡು ಸಲವೂ ಅಬೂ ನಿಬ್ರಾಸ್ ಜನರೇಟರ್ ಕಡೆಗೆ ಓಡಿದರು. ನಾನು ಅವರೊಡನೆ ಮಾತೇ ಆಡಲಿಲ್ಲ.

ಅದೇ ಸಂಜೆ ಬಣ್ಣ ಹಾಕಿ ಕಾದೆ. ಅವರು ಬಾಗಿಲ ಹೊರಗೆ ಸ್ಟೂಲಿನ ಮೇಲೆ ಕೂತು ಜಪಮಣಿ ಎಣಿಸುತ್ತಿದ್ದರು. ತಟ್ಟೆ ಎತ್ತಿ ಬೆಳಕಿಗೆ ಹಿಡಿದೆ. ಎಡಗಡೆ ಕಡುನೇರಳೆ, ಬೀಗರು ಬದುಕಿದ್ದರು. ಬಲಗಡೆ ಪೇಲವ.

ಗಾಜಿನಾಚೆಯಿಂದ ಅವರಿಗೂ ಕಂಡಿತು. ತಮ್ಮ ಮಾತೇ ನಿಜವಾದದ್ದಕ್ಕೆ ಸಮಾಧಾನ ಕಾಣಲಿಲ್ಲ, ಮುಖ ಮುಚ್ಚಿಕೊಂಡರು. ಹೊರಗೆ ಬಂದು ಅವರ ಪಕ್ಕದಲ್ಲಿ ನೆಲದ ಮೇಲೆ ಕುಸಿದೆ.

"ನನ್ನ ಕೈಯೇ ಸುಳ್ಳಾಗ್ಲಿ ಅಂತ ಮೂರು ದಿನದಿಂದ ದೇವರನ್ನ ಬೇಡ್ತಿದ್ದೆ ಕಣಮ್ಮ," ಎಂದರು.

ನಾನೂ ಬೇಡಿದ್ದು ಅದನ್ನೇ. ನಾನು ನನಗಾಗಿ ಬೇಡಿದ್ದೆ. ಅವರು ಬೇಡಿದ್ದೂ ನನಗಾಗಿಯೇ.