ಶಾಲೆಗೆ ಕುಂಕುಮವಿಟ್ಟು ಕರೆದದ್ದು

ನಮ್ಮೂರ ಸರ್ಕಾರಿ ಶಾಲೆಗೆ ಈ ವರ್ಷ ಹೊಸ ಮಕ್ಕಳು ಸೇರದಿದ್ದರೆ ಅದನ್ನು ಮುಚ್ಚಿ, ಭಾರತೀನಗರದ ರಸ್ತೆಯಾಚೆ ಇರುವ ಶಾಲೆಗೆ ಸೇರಿಸಿಬಿಡುತ್ತಾರಂತೆ. ಹೆಡ್‌ಮೇಡಂ ನಮ್ಮ ಮಹಿಳಾ ಸಂಘದ ಸಭೆಗೇ ಬಂದು ಹಾಗೆಂದರು. ಮೊದಲು ಎದ್ದು ನಿಂತವಳು ನನ್ನ ಪಕ್ಕದ ಮನೆಯಾಕೆ. ಕೂಲಿಗೆ ಹೋಗುವವಳು, ಅವಳ ಇಬ್ಬರು ಮಕ್ಕಳೂ ಅಲ್ಲೇ ಓದುತ್ತಾರೆ.

"ಕಬ್ಬಿನ ಟ್ರ್ಯಾಕ್ಟ್ರು ಓಡಾಡೋ ರೋಡು ಕಣಕ್ಕ ಅದು. ನಾನು ಒಲಕ್ಕೋದ್ರೆ ಚಿಕ್ಕದ್ನ ದಾಟ್ಸೋರ್ಯಾರು?"

ಮನೆಮನೆಗೂ ಹೋಗಿ ಮಕ್ಕಳನ್ನು ಕರೆಯೋಣ ಎಂದಾಯಿತು. ಮಂಡ್ಯದ ಕಾನ್ವೆಂಟಿನಲ್ಲಿ ಓದಿದ ನಾನು, ಅಂದವಾಗಿ ಕರಪತ್ರ ಬರೆದು ಜೆರಾಕ್ಸ್ ಮಾಡಿಸೋಣ ಎಂದೆ. ಸಂಘದ ಹಿರಿಯಕ್ಕ ನಕ್ಕುಬಿಟ್ಟರು.

"ಪೇಪರ್ ಕೊಟ್ರೆ ಬೋಂಡ ಕಟ್ತಾರೆ. ಮದ್ವೆಗೆ ಕರಿಯಂಗೆ ಕುಂಕುಮ ಇಟ್ಟು ಕರಿಯಾನ ಬುಡು. ಆಗ ಯಾರು ಬರಾಕಿಲ್ಲ ಅಂದಾರು?"

ಮಾರನೆಯ ದಿನ ಒಳ್ಳೆಯ ಸೀರೆ ಉಟ್ಟು ಹೊರಟೆವು. ಅರಿಶಿನ, ಕುಂಕುಮ, ಅಕ್ಷತೆಯ ತಟ್ಟೆ ನನ್ನ ಕೈಯಲ್ಲಿ. ಹೆಂಗಸರು ಪಾತ್ರೆ ತೊಳೆಯುತ್ತಿದ್ದವರು ಹಣೆ ಒರೆಸಿಕೊಂಡು ಬಾಗಿಲಿಗೆ ಬರುತ್ತಿದ್ದರು.

"ಯಾರ ಮದ್ವೆ?" ಎಂದಳು ಒಬ್ಬ ಅಜ್ಜಿ.

"ಮದ್ವೆಯಲ್ಲ ಕಣಜ್ಜಿ, ಸೋಮವಾರ ಇಸ್ಕೂಲು. ಮೊಮ್ಮಗಳ್ನ ಕಳ್ಸು," ಎಂದರು ಹಿರಿಯಕ್ಕ.

"ಊಟ ಐತಾ?"

"ದಿನಾ ಐತೆ. ಮೊಟ್ಟೆನೂ ಕೊಡ್ತಾರೆ."

ಅಜ್ಜಿ ಒಪ್ಪಿದಳು. ಆಮೇಲೆ ನನ್ನನ್ನೇ ನೋಡುತ್ತಾ, "ನಿನ್ನ ಮಗಳು ಎಲ್ಲಿಗೋಯ್ತಾಳವ್ವ?" ಎಂದಳು.

ನನ್ನ ಮಗಳು ಹಳದಿ ವ್ಯಾನಿನಲ್ಲಿ ಮದ್ದೂರಿನ ಕಾನ್ವೆಂಟಿಗೆ ಹೋಗುತ್ತಿದ್ದಳು. ಹಿರಿಯಕ್ಕನ ಮೊಮ್ಮಗನೂ ಅದೇ ವ್ಯಾನು. ಕರೆಯಲು ಹೊರಟವರು ತಮ್ಮ ಮನೆಯನ್ನು ತಾವೇ ಕರೆದುಕೊಳ್ಳುವ ಪದ್ಧತಿ ಇಲ್ಲವಲ್ಲ. ಊರೆಲ್ಲ ಸುತ್ತಿದ ನಾವು ನಮ್ಮ ಮನೆಗಳನ್ನು ಆರಾಮವಾಗಿ ದಾಟಿಕೊಂಡೇ ಬಂದಿದ್ದೆವು.

ನಮ್ಮ ಜೊತೆಗಿದ್ದ ಪಕ್ಕದ ಮನೆಯಾಕೆ ನನ್ನ ಕೈಯಿಂದ ತಟ್ಟೆ ತೆಗೆದುಕೊಂಡು ನೆಟ್ಟಗೆ ನಮ್ಮ ಮನೆಯ ಮುಂದೆ ಹೋಗಿ ನಿಂತಳು.

"ಒಳಗೋಗಕ್ಕ. ನಿಮ್ಮನೇನೂ ಕರೀಬೇಕು."

ನಾನು ನಮ್ಮದೇ ಹೊಸ್ತಿಲು ದಾಟಿ, ನೆಂಟರನ್ನು ಕಂಡವಳ ಹಾಗೆ ತಿರುಗಿ ನಿಂತೆ. ಅವಳು ಹಣೆಗಿಟ್ಟ ಕುಂಕುಮ ನನ್ನ ಮೂಗಿನ ಮೇಲೂ ಉದುರಿತು. "ಮಗಳ್ನ ನಮ್ಮ ಇಸ್ಕೂಲ್ಗೆ ಕಳ್ಸಿಕೊಡಿ," ಎಂದಳು. ಇಷ್ಟು ದಿನ ನೀನು ಎನ್ನುತ್ತಿದ್ದವಳು, ಕರೆಯುವಾಗ ಬಹುವಚನ.

ಅಡುಗೆಮನೆಯಿಂದ ಅತ್ತೆ ಬಂದು ತಮ್ಮ ಹಣೆಯನ್ನೂ ಮುಂದೆ ಮಾಡಿದರು. ಇಡಿಸಿಕೊಂಡ ಮೇಲೆ ನನ್ನ ಕಡೆ ತಿರುಗಿ, "ಕರ್ಯಕ್ಕೆ ಬಂದೋಳ್ನ ಬರೀ ಅಣೇಲಿ ಕಳುಸ್ತೀಯೇನೇ? ಅವ್ಳಿಗೂ ಇಕ್ಕು," ಎಂದು ಗದರಿದರು. ದೇವರ ಮನೆಯ ಭರಣಿ ತಂದು ನಾನೂ ಅವಳಿಗೆ ಕುಂಕುಮವಿಟ್ಟೆ. ಅಲ್ಲಿಗೆ ಒಪ್ಪಿದ ಹಾಗೇ.

"ಈಗ ನಿಮ್ಮನೇಗೆ ನಡೀರಿ," ಎಂದು ಅವಳು ಹಿರಿಯಕ್ಕನ ಕಡೆ ತಿರುಗಿದಳು.

ಸಂಜೆ ನಮ್ಮವರು, "ವ್ಯಾನಿನವ್ನಿಗೆ ಏನಂತ ಹೇಳ್ಲಿ?" ಎಂದರು. "ಕೂಸು ನಡ್ಕಂಡೋಯ್ತದೆ ಅನ್ನು," ಎಂದರು ಅತ್ತೆ.

ಸೋಮವಾರ ಒಂದನೇ ತರಗತಿಯಲ್ಲಿ ಬೆಂಚು ಸಾಲದೆ ಸಂಘದ ಜಮಖಾನ ಹಾಸಬೇಕಾಯಿತು. ಹೆಡ್‌ಮೇಡಂ ಹಾಜರಿ ಮುಗಿಸಿ ಹೊರಗೆ ಬಂದು, ಇನ್ನು ಮುಚ್ಚುವ ಮಾತಿಲ್ಲ ಎಂದರು. ಪಕ್ಕದ ಮನೆಯಾಕೆ ಕಿಟಕಿಯಲ್ಲಿ ಇಣುಕಿದಳು. ಅವಳ ಚಿಕ್ಕವಳು ನನ್ನ ಮಗಳ ರಿಬ್ಬನ್ ಬಿಚ್ಚುತ್ತಿದ್ದಳು.

"ಸರಿ ಬುಡಿ, ಕಳೆ ಕೀಳಕ್ಕೆ ಒತ್ತಾಯ್ತು," ಎಂದು ಸೆರಗು ಸಿಕ್ಕಿಸಿಕೊಂಡು ಹೊಲದ ಕಡೆ ಹೊರಟಳು.