ಖಂಡೆ ಪೂಜೆಗೆ ಕುಳಿತ ಕಾರಿನ ಕೀಲಿ

ನಮ್ಮ ಮಾವನವರ ಕಾರಿಗೆ ಎರಡೇ ಸೀಟು, ಮೇಲೆ ಚಾವಣಿಯಿಲ್ಲ. ಹರೆಯದಲ್ಲಿ ಹೊಸಪೇಟೆಯ ಗಣಿ ಮಾಲೀಕರೊಬ್ಬರಿಂದ ಕೊಂಡ ಕೆಂಪು ವಿಲಾಯತಿ ಗಾಡಿ. ಗಂಗಾವತಿಯ ನಮ್ಮ ಅಕ್ಕಿ ಮಿಲ್ಲಿನ ದೂಳಿನಲ್ಲಿ ಅದನ್ನು ದಿನಾ ಒರೆಸುತ್ತಿದ್ದರು. ಒರೆಸಿದ್ದೇ ಬಂತು! ನಾಲ್ಕು ದಿನ ನಿಂತರೆ ಬ್ಯಾಟರಿ ಬರಿದು. ಆಮೇಲೆ ಹಮಾಲರು ಚೀಲ ಇಳಿಸಿ ಬಂದು ನೂಕಬೇಕು.

ಕೊಪ್ಪಳ ಜಿಲ್ಲೆಯಾದ ಹೊಸತು. ಆ ವರ್ಷ ಬಳ್ಳಾರಿಯವರೊಬ್ಬರು ಕಾರು ಕೇಳಿದರು. ನನ್ನ ಗಂಡನಿಗೆ ಅಷ್ಟೇ ಸಾಕಾಯಿತು.

“ಕೊಟ್ಟುಬಿಡೂನು. ನಿಂತ ಗಾಡಿಗೆ ಎಷ್ಟಂತ ಎಣ್ಣಿ ಒರಸ್ತೀರಿ?”

ಮಾವ ಅವತ್ತು ಊಟ ಬಿಟ್ಟರು. ನನಗೆ ಸಿಟ್ಟು ನೆತ್ತಿಗೇರಿತು. ಕೊಪ್ಪಳದಲ್ಲಿ ಎಲೆಕ್ಟ್ರಿಕಲ್ ಡಿಪ್ಲೊಮಾ ಮಾಡಿ ಬಂದವಳು ನಾನು. ಮದುವೆಯಾದ ಮೇಲೆ ಈ ಮನೆಯಲ್ಲಿ ಒಂದು ಬಲ್ಬು ಬದಲಿಸಲೂ ನನ್ನನ್ನು ಕೇಳಿದವರಿಲ್ಲ.

“ಹಳೇ ವೈರು, ಎಲ್ಲೋ ಕರೆಂಟು ಸೋರಾಕತ್ತೈತಿ. ನಾ ಒಂದು ಕಟ್-ಆಫ್ ಸ್ವಿಚ್ ಹಾಕ್ತೀನ್ರಿ. ಗಾಡಿ ನಿಲ್ಲಿಸಿದಾಗ ಬ್ಯಾಟರಿ ಸಂಬಂಧನ ಕಡೀತೈತಿ,” ಎಂದೆ.

ಗಂಡ ನಕ್ಕರು. “ಹಾಕು. ನವರಾತ್ರಿ ಪೂರ್ತಿ ನಿಂದ್ರಲಿ. ಬನ್ನಿ ಹಬ್ಬದ ಸಂಜಿಗೆ ನೂಕದ ಚಾಲೂ ಆದ್ರ ಇಟ್ಕೋರಿ. ಇಲ್ಲಾಂದ್ರ ಬಳ್ಳಾರಿಗೆ.”

ಲಾರಿ ಸಾಮಾನಿನ ಅಂಗಡಿಯಿಂದ ಸ್ವಿಚ್ ತಂದೆ. ಸೀಟಿನ ಹಿಂದಿದ್ದ ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ, ನಡುವೆ ಸ್ವಿಚ್ ಕೂರಿಸಿ, ಬಾಡಿಯ ತುಕ್ಕು ತಿಕ್ಕಿ ಹೊಳೆಯಿಸಿ ಬಿಗಿದೆ. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಕಾರಿನೊಳಗೆ ತಲೆ ಹಾಕಿದ ಸೊಸೆಯನ್ನು ನೋಡಲು ಓಣಿಯೇ ಬಂದಿತ್ತು. ಬರಲಿ! ಸ್ವಿಚ್ಚಿನ ಕೆಂಪು ಕೀಲಿ ತಿರುವಿದರೆ ಕಾರಿನ ದೀಪ ಹತ್ತಿತು. ಹಿಂದಕ್ಕೆ ತಿರುವಿ ಕಿತ್ತರೆ ಕಾರು ಸತ್ತಂತೆ. ಕೀಲಿಯನ್ನು ಬಾಗಿಲ ಬಳಿಯ ಮೊಳೆಗೆ ತೂಗುಹಾಕಿದೆ.

ಹಬ್ಬದ ಸಂಜೆ ಬಂತು. ಬಳ್ಳಾರಿಯವರೂ ಬಂದು ಪಡಸಾಲೆಯಲ್ಲಿ ಚಹಾ ಕುಡಿಯುತ್ತಿದ್ದರು. ಮಾವ ಹೊಸ ಪಟಗ ಸುತ್ತಿ ಸ್ಟೇರಿಂಗ್ ಮುಂದೆ ಕೂತರು. ನೋಡಿದರೆ ಮೊಳೆ ಖಾಲಿ!

“ಅತ್ತಿ, ಕೆಂಪು ಕೀಲಿ ಎಲ್ಲೈತ್ರಿ?”

“ನಿನ್ನಿ ಖಂಡೆ ಪೂಜಿಗೆ ಇಟ್ಟೀನಲ್ಲ! ನಿನ್ನ ಸಾಧನ ಅಲ್ಲೇನು ಅದು?”

ದೇವರ ಮನೆಗೆ ಓಡಿದೆ. ಆಯುಧ ಪೂಜೆಗಿಟ್ಟ ಕುಡುಗೋಲು, ಕೊಡಲಿ, ಮಿಲ್ಲಿನ ನಟ್ಟು ಬಿಚ್ಚುವ ಪಾನಾಗಳ ನಡುವೆ ಚೆಂಡು ಹೂ ಮುಡಿದು, ಕುಂಕುಮ ಹಚ್ಚಿಕೊಂಡು ನನ್ನ ಕೀಲಿ ಮಹಾರಾಣಿಯಂತೆ ಕುಳಿತಿತ್ತು. ಕೈ ಚಾಚಿದ್ದೇ ತಡ, ಅತ್ತೆ ಹೌಹಾರಿದರು.

“ಮುಟ್ಟಬ್ಯಾಡ! ಬನ್ನಿ ಮನಿಗೆ ಬರೂತನಕ ಪೂಜಿ ಕದಲಿಸೂಂಗಿಲ್ಲ.”

ಸ್ವಿಚ್ ಕಳಚಿ ತಂತಿಯನ್ನು ನೇರ ಜೋಡಿಸೋಣವೆಂದರೆ ಪಾನಾಗಳೂ ಅಲ್ಲೇ ಪೂಜೆಗೆ ಕುಳಿತಿದ್ದವು. ಹೊರಗೆ ಗಂಡ ಬಳ್ಳಾರಿಯವರಿಗೆ, “ನಡೀರಿ, ಗಾಡಿ ನಿಮ್ದ,” ಎನ್ನುವುದು ಕೇಳಿಸಿತು. ಮಾವ ಸ್ಟೇರಿಂಗ್ ಬಿಟ್ಟಿರಲಿಲ್ಲ, ತಲೆ ಮಾತ್ರ ಬಗ್ಗಿತ್ತು. ನನ್ನ ಕಣ್ಣು ತುಂಬಿತು.

ಬನ್ನಿ ಮನೆಗೆ ಬರುವತನಕ, ಅಂದರಲ್ಲವೇ? ಚಪ್ಪಲಿಯನ್ನೂ ಮೆಟ್ಟದೆ ಓಡಿದೆ. ಹನುಮಪ್ಪನ ಗುಡಿಯ ಹಿಂದಿನ ಬನ್ನಿ ಗಿಡಕ್ಕೆ ಪೂಜೆ ಆಗಷ್ಟೇ ಮುಗಿದಿತ್ತು. ಪೂಜಾರಪ್ಪ ಕೊಟ್ಟ ಎಸಳನ್ನು ಮುಷ್ಟಿಯಲ್ಲಿ ಹಿಡಿದು ಬಂದು, ಏದುಸಿರು ಬಿಡುತ್ತಲೇ ಅತ್ತೆಯ ಕೈಗಿಟ್ಟು ಕಾಲು ಮುಟ್ಟಿದೆ.

“ಬನ್ನಿ ಬಂತ್ರಿ ಅತ್ತಿ. ಬಂಗಾರದಂಗ ಇರೂನು.”

ಅತ್ತೆ ನನ್ನ ಮುಖ ನೋಡಿದರು, ಹೊರಗೆ ನಗುತ್ತಿದ್ದ ಮಗನನ್ನು ನೋಡಿದರು. ಪೂಜೆ ಕದಲಿಸಿ, ಮೊಟ್ಟಮೊದಲು ನನ್ನ ಕೀಲಿಯನ್ನೇ ಎತ್ತಿ ಕೈಗಿಟ್ಟರು.

“ಹೋಗ, ತಿರುವು. ಅವನ ಹಲ್ಲು ಭಾಳ ಕಾಣಾಕತ್ತಾವು.”

ಕುಂಕುಮದ ಸಮೇತ ತಿರುವಿದೆ. ಮಾವ ಸ್ಟಾರ್ಟರ್ ಒತ್ತಿದರು. ಒಂದೇ ಒತ್ತಿಗೆ ಗುಡುಗಿತು ಗಾಡಿ! ಹಮಾಲರು ಸಿಳ್ಳೆ ಹೊಡೆದರು. ನಾನೂ ನಾಚಿಕೆಗೀಚಿಕೆ ಬಿಟ್ಟು ಕೂಗಿದೆ. ಅಷ್ಟು ವರ್ಷ ಆ ಕಾರಿನಲ್ಲಿ ಕಾಲಿಡದ ಅತ್ತೆ ಹೋಗಿ ಮಾವನ ಪಕ್ಕ ಕೂತರು. ಸೀಟು ಎರಡೇ ಇದ್ದವು. ಅವರಿಬ್ಬರೇ ಬನ್ನಿಗೆ ಹೋದರು, ಬಳ್ಳಾರಿಯವರು ಬಸ್ ಸ್ಟ್ಯಾಂಡಿಗೆ ಹೋದರು.

ಹೆಂಡತಿಯೇ ಮೊದಲು ಗಂಡನಿಗೆ ಬನ್ನಿ ಕೊಡುವುದು ನಮ್ಮ ಮನೆಯ ಪದ್ಧತಿ. ಅವತ್ತು ನನ್ನ ಗಂಡ ತಾನೇ ಎಸಳು ತಂದು ನನ್ನೆದುರು ನಿಂತರು.

“ಮಿಲ್ಲಿನ ಲಾರಿಗೂ ಒಂದು ಸ್ವಿಚ್ ಹಾಕಿಕೊಡ್ತೀ ಏನು?”

“ಹಾಕ್ತೀನ್ರಿ,” ಎಂದೆ. “ಪಾನಾ ಹಿಡಿದು ನಿಂದ್ರಾಕ ನೀವು ಬರ್ರಿ.”